ಗೊಡ್ಡು ಮೊಟ್ಟೆಯ ಕರೀ ಕೇಕು

ಓಬಳಮ್ಮನ ಸಿಟ್ಟು ಬಾಯಿಗೆ ಬರುತ್ತಿರಲಿಲ್ಲ, ಹೊಟ್ಟೆಗೆ ಇಳಿಯುತ್ತಿತ್ತು. ಬೀದಿಯಲ್ಲಿ ನಿಂತು ಕೂಗಾಡಿ ಹಗುರಾಗುವ ಹೆಂಗಸಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ ಬಿಡಿ. ಯಾರು ಏನಂದರೂ ಕೇಳಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಪಾಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಪಾಪ, ಸಾಧು ಹೆಂಗಸು ಅಂತ ಊರವರು ಅಂದುಕೊಂಡಿದ್ದರು. ಎಲ್ಲಿಯ ಸಾಧು! ಹತ್ತು ವರ್ಷದ ಹಿಂದೆ ಯಾರು ಯಾವ ಮಾತಂದರು, ಅವತ್ತು ಯಾವ ಸೀರೆ ಉಟ್ಟಿದ್ದರು ಅನ್ನುವುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿದ್ದ ಒಂದು ಹಳ್ಳಿಗೆ ಅವಳು ಸೊಸೆಯಾಗಿ ಬಂದದ್ದು ನಲವತ್ತೆಂಟನೇ ಇಸವಿಯಲ್ಲಿ. ಗಂಡ ನರಸಿಂಹಪ್ಪ ಮನೆಯ ಎರಡನೇ ಮಗ. ಎತ್ತಿನ ಮುಂದೆ ನಾಲ್ಕು ಮಾತಾಡಿದರೂ ಮನುಷ್ಯರ ಮುಂದೆ ಒಂದೂ ಆಡದ ಗಂಡಸು. ಮನೆಯ ಯಜಮಾನಿಕೆ ಅವನ ಅಣ್ಣ ವೆಂಕಟರಾಮಪ್ಪನದು ಅಂತ ಊರಿಗೆಲ್ಲ ಗೊತ್ತಿತ್ತು. ಅಸಲು ಯಜಮಾನಿಕೆ ಆ ಅಣ್ಣನ ಹೆಂಡತಿ ಚಿಕ್ಕವೆಂಕಟಮ್ಮನದು ಅಂತ ಮನೆಯವರಿಗೆ ಮಾತ್ರ ಗೊತ್ತಿತ್ತು. ಓಬಳಮ್ಮನಿಗೆ ಅವಳು ವಾರಗಿತ್ತಿ. ನಾಲ್ಕು ಹೆತ್ತವಳು. ಆ ನಾಲ್ಕನ್ನೂ ಊರಿಗೇ ದಾನ ಕೊಟ್ಟವಳ ಹಾಗೆ ಎದೆ ಸೆಟೆಸಿ ಓಡಾಡುತ್ತಿದ್ದಳು.

ಐವತ್ತನೇ ಇಸವಿಯಲ್ಲಿ ಮನೆಯಲ್ಲಿ ನಾದಿನಿಯ ಸೀಮಂತ ನಡೆಯಿತು. ಮುತ್ತೈದೆಯರು ಸಾಲಾಗಿ ಬಂದು ಬಸುರಿಯ ಮಡಿಲಿಗೆ ಬೊಗಸೆ ಅಕ್ಕಿ ತುಂಬುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿದ್ದ ಓಬಳಮ್ಮ ಹೊಸ ಸೀರೆ ಉಟ್ಟು ಸಾಲಿನಲ್ಲಿ ನಿಂತಳು. ಅವಳ ಸರದಿ ಬಂತು, ಬೊಗಸೆಯಲ್ಲಿ ಅಕ್ಕಿ ಎತ್ತಿಕೊಂಡಳು. ಅಷ್ಟರಲ್ಲಿ ಚಿಕ್ಕವೆಂಕಟಮ್ಮ ಅವಳ ಮಣಿಕಟ್ಟು ಹಿಡಿದು ಈಚೆಗೆಳೆದಳು. ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು.

"ನಿನ್ನ ಕೈ ಬೇಡಮ್ಮ. ಇನ್ನೂ ಒಂದೂ ಹೆತ್ತಿಲ್ಲ ನೀನು. ಹೊಟ್ಟೇಲಿರೋ ಕೂಸಿಗೆ ಆಗಲ್ಲ" ಅಂದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಕೆಳಗೆ ನೋಡಿ, "ಬಿದ್ದಿದ್ದನ್ನ ಆಯ್ಕೋ. ಕೋಳಿ ತಿಂದೋಗುತ್ತೆ" ಅಂದಳು.

ಮೂವತ್ತು ಹೆಂಗಸರ ಕಾಲ ನಡುವೆ ಮಂಡಿಯೂರಿ ಓಬಳಮ್ಮ ಆ ಅಕ್ಕಿಯನ್ನು ಆಯ್ದಳು. ಒಬ್ಬಳಾದರೂ ಬಗ್ಗಿ ಒಂದು ಕಾಳು ಎತ್ತಿಕೊಡಲಿಲ್ಲ. ಅವತ್ತೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು: ಇದೇ ಮನೆಯಲ್ಲಿ, ಇವಳ ಕಣ್ಣೆದುರಿಗೆ, ಇದೇ ಕೈಯಿಂದ ಒಂದು ಮಡಿಲು ತುಂಬದೆ ನಾನು ಸಾಯಲ್ಲ.

ಆದರೆ ಮಕ್ಕಳಾಗಲಿಲ್ಲ. ವರ್ಷಗಳು ಉರುಳಿದ ಹಾಗೆ 'ಇನ್ನೂ ಹೆತ್ತಿಲ್ಲ' ಅನ್ನುವುದು ಹೋಗಿ 'ಗೊಡ್ಡಿ' ಅನ್ನುವುದು ಬಂತು. ಆಂಧ್ರದ ಕಡೆಯಿಂದ ಬಂದ ನೆಂಟರು 'ಗೊಡ್ರಾಲು' ಅಂತ ತೆಲುಗಿನಲ್ಲಿ ಪಿಸುಗುಟ್ಟುವರು. ತೆಲುಗು ತನಗೆ ಬರುವುದಿಲ್ಲ ಅಂತ ಇವರೆಲ್ಲ ಯಾಕೆ ಅಂದುಕೊಂಡಿದ್ದಾರೋ ಅಂತ ಓಬಳಮ್ಮನಿಗೆ ಆಶ್ಚರ್ಯ. ಇನ್ನೊಂದು ಮದುವೆ ಮಾಡಿಕೋ ಅಂತ ಅಣ್ಣ ಎಷ್ಟು ಹೇಳಿದರೂ ನರಸಿಂಹಪ್ಪ ಉಹೂಂ ಅಂದ. ಅವನು ಜನ್ಮದಲ್ಲಿ ಗಟ್ಟಿಯಾಗಿ ಆಡಿದ ಒಂದೇ ಮಾತು ಅದು. ಅದಕ್ಕೆ ಬಹುಮಾನವಾಗಿ ಗಂಡ ಹೆಂಡತಿ ಇಬ್ಬರನ್ನೂ ಹಿತ್ತಲಿನ ಕೊಟ್ಟಿಗೆ ಮನೆಗೆ ಕಳಿಸಿದರು.

ಅರವತ್ನಾಲ್ಕರಲ್ಲಿ ಅಮೆರಿಕದಿಂದ ಒಬ್ಬ ಗಂಡ, ಒಬ್ಬಳು ಹೆಂಡತಿ ಚಿಂತಾಮಣಿಗೆ ಬಂದು ಇಳಿದರು. ಹಳ್ಳಿಯವರಿಗೆ ಕೋಳಿ ಸಾಕುವುದನ್ನು ಕಲಿಸುತ್ತಾರಂತೆ! ಹುಟ್ಟಿದಾಗಿನಿಂದ ಕೋಳಿ ಸಾಕಿದವರಿಗೆ ಕೋಳಿ ಸಾಕುವ ಪಾಠವೇ ಅಂತ ಜನ ನಕ್ಕರು. ಹೆಂಡತಿಯ ಹೆಸರು ಮಾರ್ತಾ. ವಾರದೊಳಗೆ ಅವಳು ಮಾರ್ತಮ್ಮ ಆದಳು. ಅವರು ಕೊಟ್ಟ ಸೀಮೆ ಕೋಳಿಗಳು ಬೆಳ್ಳಗೆ, ಕೆಂಪು ಜುಟ್ಟಿನವು. ಕೊಟ್ಟಿಗೆಯ ನೆಲಕ್ಕೆ ಕಡಲೆಕಾಯಿ ಸಿಪ್ಪೆ ಹಾಸಿ ಒಳಗೇ ಸಾಕಬೇಕು, ಹುಂಜ ಬೇಕೇ ಇಲ್ಲ, ದಿನಾ ಮೊಟ್ಟೆ ಇಡುತ್ತವೆ ಅಂದರು. ಹುಂಜ ಇಲ್ಲದೆ ಮೊಟ್ಟೆ ಅಂದಕೂಡಲೇ ಊರು ಹಿಂದೆ ಸರಿಯಿತು. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದ ಓಬಳಮ್ಮ ಮಾತ್ರ ಐವತ್ತು ಕೋಳಿ ತಗೊಂಡಳು.

"ಮರಿ ಆಗದ ಮೊಟ್ಟೆ ಅಂದ್ರೆ ಗೊಡ್ಡು ಮೊಟ್ಟೆ ಕಣ್ರೇ" ಅಂತ ಚಿಕ್ಕವೆಂಕಟಮ್ಮ ಬಾವಿಕಟ್ಟೆಯಲ್ಲಿ ಸಾರಿದಳು. "ಅದನ್ನ ತಿಂದೋಳ ಹೊಟ್ಟೆ ಬತ್ತೋಗುತ್ತೆ. ಗೊಡ್ಡಿ ಮನೇಲಿ ಗೊಡ್ಡು ಕೋಳಿ, ಸರಿಯಾಗಿದೆ ಜೋಡಿ!"

ಊರ ಹೆಂಗಸರು ಆ ಕೊಟ್ಟಿಗೆಯ ನೆರಳು ದಾಟುವಾಗಲೂ ಸೆರಗು ಬಿಗಿ ಮಾಡಿಕೊಳ್ಳತೊಡಗಿದರು. ಮೊಟ್ಟೆಯೆಲ್ಲ ಬುಟ್ಟಿಗಟ್ಟಲೆ ಚಿಂತಾಮಣಿಯ ಹೋಟೆಲುಗಳಿಗೆ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಓಬಳಮ್ಮನಿಗೂ ಒಳಗೊಳಗೆ ಆ ಮಾತಿನ ಅಂಜಿಕೆ ಇತ್ತು, ಅವಳೂ ಅದೇ ಸೀಮೆಯಲ್ಲಿ ಹುಟ್ಟಿದವಳಲ್ಲವೇ. ಇನ್ನು ಬತ್ತುವುದಕ್ಕೆ ತನ್ನಲ್ಲಿ ಏನಿದೆ ಅಂದುಕೊಂಡು ದಿನಾ ಎರಡು ಬೇಯಿಸಿ ತಿನ್ನುತ್ತಿದ್ದಳು.

ಮಾರ್ತಮ್ಮನಿಗೆ ಅವಳನ್ನು ಕಂಡರೆ ಬಲು ಇಷ್ಟ. ಮೊಟ್ಟೆ ಕೊಡಲು ಹೋದಾಗಲೆಲ್ಲ ಕೂರಿಸಿಕೊಂಡು ಏನಾದರೂ ತಿನ್ನಿಸುವಳು. ಒಂದು ಸಲ ಕೊಟ್ಟದ್ದು ಕಪ್ಪಗೆ, ಚೌಕವಾಗಿ, ಮೈಸೂರುಪಾಕಿನ ಅಳತೆಗಿತ್ತು. ಬ್ರೌನಿ ಅಂತ ಅದರ ಹೆಸರು. ಓಬಳಮ್ಮ ಬಾಯಿಗಿಟ್ಟಳು. ಮೇಲೆ ಪುಡಿಪುಡಿ, ಒಳಗೆ ಮೆತ್ತಗೆ, ಸಿಹಿಯ ಹಿಂದೆಯೇ ಒಂದು ಸಣ್ಣ ಕಹಿ. ಆ ಕಹಿಯೇ ಅವಳಿಗೆ ಹಿಡಿಸಿದ್ದು. ಕಲಿಸು ಅಂದಳು.

ಬೆಣ್ಣೆ ಕರಗಿಸಿ ಸಕ್ಕರೆ ಹಾಕಬೇಕು. ಎಂಟು ಮೊಟ್ಟೆ ಒಡೆದು ಕೈ ಸೋಲುವ ತನಕ ಕಡೆಯಬೇಕು. ಮೈದಾ, ಮಾರ್ತಮ್ಮನ ಊರಿನಿಂದ ಬಂದ ಡಬ್ಬದ ಕೋಕೋ ಪುಡಿ, ಒಂದು ಹಿಡಿ ಹುರಿದ ಕಡಲೇಬೀಜ ಸೇರಿಸಬೇಕು. ದೊಡ್ಡ ಬಾಣಲೆಗೆ ಮರಳು ತುಂಬಿ ಕಾಯಿಸಿ, ಅದರ ಮೇಲೆ ತಗಡಿನ ತಟ್ಟೆ ಇಟ್ಟು, ಮೇಲೊಂದು ತಗಡು ಮುಚ್ಚಿ, ಅದರ ಮೇಲೂ ಕೆಂಡ ಹರಡಬೇಕು. ಪೊರಕೆ ಕಡ್ಡಿ ಚುಚ್ಚಿ ತೆಗೆದರೆ ಇನ್ನೂ ಚೂರು ಅಂಟಿರಬೇಕು, ಆಗಲೇ ಇಳಿಸಬೇಕು. ಮೂರನೇ ಸಲಕ್ಕೆ ಮಾರ್ತಮ್ಮನಿಗಿಂತ ಇವಳದ್ದೇ ಚೆನ್ನಾಗಿ ಬಂತು. ಮಾರ್ತಮ್ಮನೇ ಹಾಗಂದಳು.

ಅರವತ್ತಾರರ ಬೇಸಿಗೆಯಲ್ಲಿ ಮನೆತನದ ಮಕ್ಕಳಿಗೆಲ್ಲ ಒಟ್ಟಿಗೆ ಕಿವಿ ಚುಚ್ಚುವ ದ್ಯಾವರು ಗೊತ್ತಾಯಿತು. ಎಷ್ಟೋ ವರ್ಷಕ್ಕೊಮ್ಮೆ ಬರುವ ಕಾರ್ಯ ಅದು. ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ದಾಯಾದಿಗಳೆಲ್ಲ ಗಾಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು ಬಂದರು. ಇನ್ನೂರು ಜನ! ಚಪ್ಪರದ ಮುಂದೆ ಕಳಶ ಹೊರುವುದಕ್ಕೆ ಹೆಂಗಸರನ್ನು ಕರೆದಾಗ ಚಿಕ್ಕವೆಂಕಟಮ್ಮ ಓಬಳಮ್ಮನಿಗೆ, "ನೀನು ಹಿಂದೆ ಪಾತ್ರೆ ಹತ್ರ ಇರಮ್ಮ" ಅಂದಳು. ಅದು ಹೊಸದಲ್ಲ. ಹೊಸದೇನೆಂದರೆ, ತನ್ನ ಸೊಸೆ ರಾಮಲಕ್ಷ್ಮಮ್ಮನಿಗೂ ಅದೇ ಮಾತು ಹೇಳಿದಳು. ಹಿರಿಯ ಮಗ ಚನ್ನಕೇಶವನ ಹೆಂಡತಿ ಅವಳು, ಮದುವೆಯಾಗಿ ಮೂರು ವರ್ಷವಾಗಿತ್ತು, ಮಡಿಲು ಇನ್ನೂ ಬರಿದು.

ಆ ಹುಡುಗಿ ಕಣ್ಣೊರೆಸಿಕೊಂಡು ಬಂದು ಪಾತ್ರೆಯ ಮುಂದೆ ಕೂತಾಗ ಓಬಳಮ್ಮನಿಗೆ ಅಯ್ಯೋ ಅನ್ನಿಸಿತೇ? ಇಲ್ಲ. ಮುಚ್ಚುಮರೆ ಯಾಕೆ, ಅವಳಿಗೆ ಸಂತೋಷವೇ ಆಯಿತು. ಬಂತಲ್ಲ ನಿನ್ನ ಮನೆಗೂ, ಅನುಭವಿಸು, ಅಂದುಕೊಂಡಳು.

ದೇವರ ಕಾರ್ಯ ಮುಗಿದ ಮರುದಿನ ಬಾಡೂಟ. ಅದಕ್ಕೆ ಮಾರ್ತಮ್ಮನನ್ನೂ ಅವಳ ಗಂಡನನ್ನೂ ವೆಂಕಟರಾಮಪ್ಪ ತಾನೇ ಹೋಗಿ ಕರೆದಿದ್ದ, ನಮ್ಮನೆಗೆ ಅಮೆರಿಕದವರು ಬಂದಿದ್ದರು ಅಂತ ಹತ್ತು ವರ್ಷ ಹೇಳಿಕೊಳ್ಳಬಹುದಲ್ಲ. ಓಬಳಮ್ಮ ಎರಡು ದಿನ ಮೊದಲೇ ಮಾರ್ತಮ್ಮನ ಮನೆಗೆ ಹೋಗಿ ಐದು ತಟ್ಟೆ ಬ್ರೌನಿ ಬೇಯಿಸಿ ಇಟ್ಟಿದ್ದಳು. ನಲವತ್ತು ಮೊಟ್ಟೆ. "ನಮ್ಮ ಜನಕ್ಕೆ ನೀವೇ ನಿಮ್ಮ ಕೈಯಾರ ಹಂಚಿ, ಮರ್ಯಾದೆ ಇರುತ್ತೆ" ಅಂತ ಕೇಳಿಕೊಂಡಳು. ಎಷ್ಟು ಒಳ್ಳೇ ಮನಸ್ಸು ಈ ಹೆಂಗಸಿನದು ಅಂತ ಮಾರ್ತಮ್ಮನ ಕಣ್ಣು ತುಂಬಿಬಂತು.

ಊಟ ಮುಗಿಯಿತು. ಮಾರ್ತಮ್ಮ ಡಬ್ಬ ಹಿಡಿದು ಪಂಕ್ತಿಯಲ್ಲಿ ಬಂದಳು. ಬೆಳ್ಳನೆಯ ಕೈ ಕೊಟ್ಟದ್ದನ್ನು ಬೇಡ ಅನ್ನುವವರು ಯಾರು? ಮಕ್ಕಳು ಕೈ ನೆಕ್ಕಿದವು. ಮುದುಕಿಯರು ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸಿದರು. ಚಿಕ್ಕವೆಂಕಟಮ್ಮ ಮೂರು ತಿಂದು, ನಾಲ್ಕನೆಯದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇಂಥಾದ್ದನ್ನ ಮಾಡೋಕೆ ಕೈಗುಣ ಬೇಕು ಕಣ್ರೇ. ಎಲ್ಲಾರ ಕೈಗೂ ಬರಲ್ಲ" ಅಂದಳು. ಹಿತ್ತಲಲ್ಲಿ ಪಾತ್ರೆಯ ಮುಂದೆ ಕೂತಿದ್ದ ರಾಮಲಕ್ಷ್ಮಮ್ಮನಿಗೆ ಯಾರೂ ಕೊಡಲಿಲ್ಲ. ಓಬಳಮ್ಮ ತಾನೇ ನಾಲ್ಕು ಚೂರು ಒಯ್ದು ಕೊಟ್ಟಳು. ಹಸಿದಿದ್ದ ಹುಡುಗಿ ನಾಲ್ಕನ್ನೂ ತಿಂದಳು.

ಮಾರ್ತಮ್ಮನ ಜೀಪು ಹೊರಟುಹೋದ ಮೇಲೆ ಓಬಳಮ್ಮ ಚಪ್ಪರದ ನಡುವೆ ಬಂದು ನಿಂತಳು. ಹದಿನೆಂಟು ವರ್ಷದಲ್ಲಿ ಅವಳು ಅಲ್ಲಿ ನಿಂತದ್ದು ಅದೇ ಮೊದಲು.

"ಎಲ್ಲಾರೂ ತಿಂದ್ರಾ? ಚೆನ್ನಾಗಿತ್ತಾ?" ಅಂತ ಕೇಳಿದಳು. "ಮಾರ್ತಮ್ಮ ಹಂಚಿದ್ದು ಅಷ್ಟೇ. ಮಾಡಿದ್ದು ನಾನು, ಇದೇ ಕೈಲಿ. ನಲವತ್ತು ಮೊಟ್ಟೆ ಹಾಕಿದೀನಿ. ನನ್ನ ಗೊಡ್ಡು ಕೋಳೀವು. ಚಿಕ್ಕವೆಂಕಟಮ್ಮಕ್ಕ, ನಿಂಗೆ ಕೈಗುಣ ಇಷ್ಟ ಆಯ್ತಲ್ಲ, ನಂಗೆ ಅಷ್ಟೇ ಸಾಕು."

ಆಮೇಲೆ ನೋಡಬೇಕಿತ್ತು ಆ ಗದ್ದಲ! ಒಬ್ಬಳು ಗಂಟಲಿಗೆ ಬೆರಳು ಹಾಕಿದಳು, ಇನ್ನೊಬ್ಬಳು ಮಗಳ ಬೆನ್ನಿಗೆ ಗುದ್ದಿ ಉಗುಳಿಸಿದಳು, ಮೊದಲ ರಾತ್ರಿಯೂ ಆಗದ ಹೊಸ ಮದುಮಗಳೊಬ್ಬಳು ಗೋಳೋ ಅಂತ ಅತ್ತಳು. ಚಿಕ್ಕವೆಂಕಟಮ್ಮ ಉಪ್ಪುನೀರು ಕುಡಿದು ಹುಲ್ಲಿನ ಬಣವೆಯ ಹಿಂದೆ ಬಗ್ಗಿ, ಬಾಡೂಟದ ಸಮೇತ ಎಲ್ಲವನ್ನೂ ಕಕ್ಕಿದಳು. ನಲವತ್ತೆಂಟು ದಾಟಿದವಳು, ಇನ್ನು ಯಾವ ಮಗು ಹೆರಬೇಕಿತ್ತೋ! ಗೌರಿಬಿದನೂರಿನ ಮಾವ ಒಬ್ಬನೇ ಕೂತಲ್ಲಿಂದ ಏಳಲಿಲ್ಲ. "ನಂಗೆ ಒಂಬತ್ತು ಮಕ್ಕಳಾಗಿ ಸಾಕಾಗಿದೆ. ಉಳಿದಿದ್ರೆ ಇನ್ನೂ ಎರಡು ಹಾಕಮ್ಮ ಇಲ್ಲಿ" ಅಂದ.

ಓಬಳಮ್ಮನ ಹೊಟ್ಟೆ ತಣ್ಣಗಾಯಿತು. ಆದರೆ ಆ ತಂಪು ಎಷ್ಟು ಹೊತ್ತಿನದು? ಬಾಯಿ ಒರೆಸಿಕೊಂಡು ಬಂದ ಚಿಕ್ಕವೆಂಕಟಮ್ಮನ ಕಣ್ಣು ಸೊಸೆಯ ಮೇಲೆ ಬಿತ್ತು.

"ನೀನೂ ತಿಂದ್ಯೇನೇ?"

"ನಾಕು ತಿಂದೆ ಅತ್ತೆ" ಅಂದಳು ರಾಮಲಕ್ಷ್ಮಮ್ಮ.

"ನೋಡಿದ್ರಾ? ಎರಡು ವರ್ಷದಿಂದ ಕದ್ದು ತಿನ್ನಿಸ್ತಾ ಇದಾಳೆ ಈ ಹಾಳು ಗೊಡ್ಡಿ! ಅದಕ್ಕೇ ನನ್ನ ಮಗನಿಗೆ ಮಗು ಆಗ್ಲಿಲ್ಲ."

ಕೂತಿದ್ದ ಹಿರಿಯರೆಲ್ಲ ಸೇರಿ ಅಲ್ಲೇ ಮಾತು ಮುಗಿಸಿದರು. ಓಬಳಮ್ಮ ಇನ್ನು ದೊಡ್ಡಮನೆಯ ಹೊಸಲು ತುಳಿಯಬಾರದು. ವರ್ಷದೊಳಗೆ ರಾಮಲಕ್ಷ್ಮಮ್ಮನ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಚನ್ನಕೇಶವನಿಗೆ ಬೇರೆ ಹೆಣ್ಣು ತರುವುದು. ವೆಂಕಟರಾಮಪ್ಪ ಹೂಂ ಅಂದ. ಚನ್ನಕೇಶವ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ.

ಮರುದಿನ ಮಧ್ಯಾಹ್ನ ರಾಮಲಕ್ಷ್ಮಮ್ಮ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ಚಿಕ್ಕತ್ತೆ, ನಿಮ್ಮಿಬ್ರ ಜಗಳಕ್ಕೆ ನನ್ನ ಯಾಕೆ ಎಳೆದ್ರಿ? ಕೊಡೋವಾಗ ಇದೆಲ್ಲ ಆಗುತ್ತೆ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?"

ಸುಳ್ಳು ಹೇಳಬಹುದಿತ್ತು. ಓಬಳಮ್ಮ ಹೇಳಲಿಲ್ಲ. "ಗೊತ್ತಿತ್ತು ಕಣಮ್ಮ" ಅಂದಳು.

ಹುಡುಗಿ ಅವಳ ಮುಖವನ್ನೇ ಒಂದು ಕ್ಷಣ ನೋಡಿ ಹೊರಟುಹೋದಳು. ಅವತ್ತು ರಾತ್ರಿ ಓಬಳಮ್ಮ ತನ್ನ ಮುದ್ದೆಯನ್ನೂ ಗಂಡನ ತಟ್ಟೆಗೇ ಹಾಕಿದಳು. ಹದಿನಾರು ವರ್ಷ ಕಾದು ಹೊಡೆದ ಕಲ್ಲು ತನ್ನ ಹಾಗೇ ಪಾತ್ರೆಯ ಮುಂದೆ ಕೂತವಳಿಗೆ ಬಿದ್ದಿತ್ತು. ಆಮೇಲಿನ ತಿಂಗಳುಗಳಲ್ಲಿ ಅವಳು ಬೇಡದ ದೇವರಿಲ್ಲ. ಮುರುಗಮಲ್ಲದ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿ ಬಂದಳು. ತನಗಾಗಿ ಕೂಡ ಅಷ್ಟು ಬೇಡಿಕೊಂಡವಳಲ್ಲ. ಗೊಡ್ಡು ಮೊಟ್ಟೆಯ ಮಾತು ಎಲ್ಲಿ ನಿಜವಾಗಿಬಿಡುತ್ತದೋ ಅಂತ ಅವಳಿಗೆ ಪುಕಪುಕ. ಈ ನಡುವೆ ಮಾರ್ತಮ್ಮ ತನ್ನ ದೇಶಕ್ಕೆ ಹೊರಟಳು. ಹೋಗುವಾಗ ಬಾಣಲೆ, ತಗಡಿನ ತಟ್ಟೆಗಳ ಜೊತೆ ಮುಕ್ಕಾಲು ಡಬ್ಬ ಕೋಕೋ ಪುಡಿಯನ್ನೂ ಓಬಳಮ್ಮನಿಗೆ ಬಿಟ್ಟುಹೋದಳು.

ದೀಪಾವಳಿ ಕಳೆದ ಮೇಲೆ ಸುದ್ದಿ ಬಂತು. ರಾಮಲಕ್ಷ್ಮಮ್ಮನಿಗೆ ಮೂರು ತಿಂಗಳು!

ಓಬಳಮ್ಮ ಕೋಳಿಗಳ ಮಧ್ಯೆ ಕೂತು ಅತ್ತಳು, ಹಾಗೇ ನಕ್ಕಳು. ನರಸಿಂಹಪ್ಪ ಹೆದರಿ ಒಂದು ಚೊಂಬು ನೀರು ತಂದುಕೊಟ್ಟ.

ಹದಿನೈದು ದಿನ ಕಳೆದಿರಬೇಕು. ಸಂಜೆ ಕೋಳಿಗೆ ಮೇವು ಹಾಕುತ್ತಿದ್ದಾಗ ಹಿತ್ತಲಿನ ಬೇಲಿಯ ಹತ್ತಿರ ಚಿಕ್ಕವೆಂಕಟಮ್ಮ ಕಾಣಿಸಿದಳು. ಅವಳು ಕೊಟ್ಟಿಗೆಯ ಕಡೆ ಕಾಲಿಟ್ಟು ಎರಡು ವರ್ಷವಾಗಿತ್ತು.

"ರಾಮಲಕ್ಷ್ಮಿ ಏನೂ ತಿಂತಿಲ್ಲ ಕಣೇ" ಅಂದಳು, ಕೋಳಿಗಳನ್ನು ನೋಡುತ್ತಾ. "ನೆಲ್ಲಿಕಾಯಿ ತಂದೆ, ಬೇಡ. ಚಕ್ಕುಲಿ ಮಾಡಿದೆ, ಬೇಡ. ಬೆಂಗಳೂರಿಂದ ಕೇಕು ತರಿಸ್ದೆ, ಅದನ್ನೂ ಕಕ್ಕಿದ್ಲು. ಅವಳಿಗೆ ಆ ಕರೀದೇ ಬೇಕಂತೆ. ನೀನು ಮಾಡಿದ್ದೇ ಬೇಕಂತೆ. ಬಸುರಿ ಬಯಕೆ, ಇಲ್ಲ ಅಂದ್ರೆ ಕೂಸಿಗೆ ಕಿವಿ ಸೋರುತ್ತೆ."

ಓಬಳಮ್ಮ ಕೈಯಲ್ಲಿದ್ದ ಮೇವನ್ನು ಪೂರ್ತಿ ಹಾಕಿ, ಕೈ ಝಾಡಿಸಿ, ಆಮೇಲೆ ತಿರುಗಿದಳು.

"ಗೊಡ್ಡು ಮೊಟ್ಟೆ ಹಾಕಿರ್ತೀನಲ್ಲಕ್ಕ?"

"ಹಾಕಮ್ಮ."

"ಗೊಡ್ಡಿ ಕೈಲಿ ಮಾಡಿರ್ತೀನಲ್ಲ?"

ಚಿಕ್ಕವೆಂಕಟಮ್ಮ ತುಟಿ ಕಚ್ಚಿದಳು. "ಬೇಕಾದ್ರೆ ಕಾಲು ಹಿಡೀತೀನಿ ಕಣೇ. ಮಾಡ್ಕೊಡು."

"ಕಾಲು ಬೇಡ. ಒಳಗೆ ಬಾ" ಅಂದಳು ಓಬಳಮ್ಮ. ಮಣೆ ಹಾಕಿ ಕೂರಿಸಿದಳು. ಮುಂದೆ ಒಂದು ಬೋಗುಣಿ ಇಟ್ಟು, ಬುಟ್ಟಿಯಿಂದ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಹದಿನಾರು.

"ಅವತ್ತು ಸೀಮಂತದಲ್ಲಿ ನನ್ನ ಕೈ ಎಳೆದ್ಯಲ್ಲ, ಅದಕ್ಕೀಗ ಹದಿನಾರು ವರ್ಷ. ವರ್ಷಕ್ಕೊಂದು ಒಡೀ. ನೀನೇ ಕಡೀಬೇಕು. ನಾನು ಸಾಕು ಅನ್ನೋ ತನಕ."

ಚಿಕ್ಕವೆಂಕಟಮ್ಮ ಒಡೆದಳು. ಮೊದಲನೆಯದಕ್ಕೆ ಮುಖ ಸಿಂಡರಿಸಿದಳು, ಹತ್ತು ದಾಟಿದ ಮೇಲೆ ಅಳು ಬಂದು ಮೂಗು ಏರಿಸತೊಡಗಿದಳು. ಕಡೆಗೋಲು ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಯಿತು. ಓಬಳಮ್ಮ ಮೈದಾ ಜರಡಿ ಹಿಡಿಯುತ್ತಾ ಕೂತಿದ್ದಳು, ಸಾಕು ಅನ್ನಲಿಲ್ಲ. ಬೋಗುಣಿಯ ತುಂಬ ಬಿಳೀ ನೊರೆ ಎದ್ದ ಮೇಲೆ ಇನ್ನೂ ಒಂದು ಗಳಿಗೆ ಬಿಟ್ಟು ಅಂದಳು.

"ಇನ್ನೊಂದು ಮಾತಿದೆ. ಸೀಮಂತದಲ್ಲಿ ಅವಳ ಮಡಿಲಿಗೆ ಮೊದಲ ಬೊಗಸೆ ನಂದು."

ಚಿಕ್ಕವೆಂಕಟಮ್ಮ ತಲೆ ಎತ್ತಿ ನೋಡಿದಳು. ಬೇಡ ಅನ್ನುವ ಮಾತು ಅವಳ ಬಾಯಿಯ ತನಕ ಬಂದದ್ದು ಕಾಣಿಸಿತು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಬೋಗುಣಿ ಆಗಲೇ ಓಬಳಮ್ಮನ ಕೈ ಸೇರಿತ್ತು.

"ಆಯ್ತು" ಅಂದಳು.

ಅರವತ್ತೇಳರ ಮಾರ್ಚಿನಲ್ಲಿ ಸೀಮಂತ ನಡೆಯಿತು. ಅದೇ ದೊಡ್ಡಮನೆ, ಅದೇ ಪಡಸಾಲೆ, ಅವೇ ಹೆಂಗಸರು, ಕೆಲವರಿಗೆ ಈಗ ಕೂದಲು ನರೆತಿತ್ತು. ಹಸಿರು ಸೀರೆ ಉಟ್ಟ ರಾಮಲಕ್ಷ್ಮಮ್ಮ ಹಸೆಯ ಮೇಲೆ ಕೂತಿದ್ದಳು. ಓಬಳಮ್ಮ ಹೊಸಲು ದಾಟಿ ಒಳಗೆ ಬಂದಾಗ ಗುಸುಗುಸು ಎದ್ದಿತು. ಅವಳು ಯಾರ ಕಡೆಗೂ ನೋಡದೆ ನೇರ ಮುಂದೆ ಹೋಗಿ, ತನ್ನ ಬಲಗೈಯನ್ನು ಚಿಕ್ಕವೆಂಕಟಮ್ಮನ ಮುಂದೆ ಚಾಚಿದಳು.

"ಹಿಡಿದು ಎಳೀಬೇಕು ಅನ್ಸಿದ್ರೆ ಈಗ್ಲೇ ಎಳೆದುಬಿಡಕ್ಕ. ಆಮೇಲೆ ಬೇಡ."

ಚಿಕ್ಕವೆಂಕಟಮ್ಮ ಎಲ್ಲರೆದುರಿಗೆ ಬಗ್ಗಿ ಅಕ್ಕಿಯ ಮೊರವನ್ನು ಅವಳ ಹತ್ತಿರಕ್ಕೆ ಸರಿಸಿದಳು.

ಓಬಳಮ್ಮ ಬೊಗಸೆ ತುಂಬ ಅಕ್ಕಿ ಎತ್ತಿಕೊಂಡು ಬಾಗಿದಳು. ಕಣ್ಣು ಮಂಜಾಗಿತ್ತು. ಆಗ ರಾಮಲಕ್ಷ್ಮಮ್ಮ ಅವಳ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ಚಿಕ್ಕತ್ತೆ, ನಂಗೆ ಬಯಕೆ ಆಗಿದ್ದು ಬರೀ ಹುಣಸೇಹಣ್ಣು. ನಿಮ್ಮ ಕರೀ ಕೇಕು ನಂಗೆ ಸೇರೋದೇ ಇಲ್ಲ. ಅತ್ತೆ ನನ್ನೂ ಪಾತ್ರೆ ಮುಂದೆ ಕೂರ್ಸಿದ್ರಲ್ಲ, ಅದಕ್ಕೇ ಅವ್ರನ್ನ ನಿಮ್ಮ ಹತ್ರ ಕಳಿಸ್ದೆ."

ಓಬಳಮ್ಮನಿಗೆ ನಗು ಉಕ್ಕಿ ಬಂತು. ತಡೆಯಲು ಹೋದಳು, ಆಗಲಿಲ್ಲ, ಬೊಗಸೆ ಅಲುಗಿತು. ಮುಕ್ಕಾಲು ಅಕ್ಕಿ ಮಡಿಲಿಗೆ ಬಿತ್ತು, ಉಳಿದದ್ದು ನೆಲಕ್ಕೆ ಚೆಲ್ಲಿತು.

ಅವಳು ನೆಟ್ಟಗೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ವಾರಗಿತ್ತಿಯ ಕಡೆ ತಿರುಗಿದಳು.

"ಬಿದ್ದಿದ್ದನ್ನ ಆಯ್ಕೊಳ್ಳಕ್ಕ. ಕೋಳಿ ತಿಂದೋಗುತ್ತೆ."

ಚಿಕ್ಕವೆಂಕಟಮ್ಮ ಸೊಸೆಯ ಮುಖ ನೋಡಿದಳು, ನೆರೆದ ಹೆಂಗಸರ ಮುಖ ನೋಡಿದಳು. ಯಾರೂ ಬಗ್ಗಲಿಲ್ಲ. ಆಮೇಲೆ ಮಂಡಿಯೂರಿ ಒಂದೊಂದೇ ಕಾಳು ಆಯತೊಡಗಿದಳು. ಓಬಳಮ್ಮ ಕೊನೆಯ ಕಾಳಿನ ತನಕ ಅಲ್ಲೇ ನಿಂತು ನೋಡಿದಳು.